ಕೈ ನಿಂತ ಜಾಗದಲ್ಲಿ ಒಂದು ಚುಕ್ಕಿ

ಆತ ಮಹಡಿಯಿಂದ ಇಳಿದು ಬಂದರೆ ಯಾರನ್ನೂ ಮಾತಾಡಿಸುವ ಮೊದಲು ನಮ್ಮ ಅಂಗಳದ ನಲ್ಲಿಯ ಹತ್ತಿರ ಹೋಗಿ ಒಂದು ಸಲ ತಿರುಗಿಸಿ ಬಿಗಿ ಮಾಡುತ್ತಿದ್ದ. ನೀರು ತೊಟ್ಟಿಕ್ಕುತ್ತಿರಲಿ, ಇಲ್ಲದಿರಲಿ. ಹನ್ನೊಂದು ವರ್ಷ ಹಾಗೇ ಮಾಡಿದ. ವಾಷರು ಸವೆದು ಹೋಗುತ್ತದೆ ಎಂದು ನನ್ನ ಮಗ ಗೊಣಗುತ್ತಿದ್ದ. ಸವೆದಾಗ ಆತನೇ ಹೊಸದು ತಂದು ಹಾಕುತ್ತಿದ್ದ.

ಹೋದ ಆಷಾಢದಲ್ಲಿ ಆತ ತೀರಿಕೊಂಡ. ಮದ್ದೂರಿನ ನಮ್ಮ ಮನೆಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗೆ ಇದ್ದ ಬರಹಗಾರ. ಆತನ ದೊಡ್ಡ ಪುಸ್ತಕ ಈಗ ಅಚ್ಚಿಗೆ ಹೋಗುತ್ತಿದೆ. ಅದರ ಕೊನೆಗೆ ಹಾಕಲು ನಾಲ್ಕು ಪುಟ ಬರೆದುಕೊಡಿ ಎಂದು ಮಂಡ್ಯದ ಪ್ರೆಸ್ಸಿನವರು ಬಂದರು. ಓದಿದವರು ಅಷ್ಟು ಜನ ಇರುವಾಗ ನಾನೇಕೆ ಎಂದೆ. ಆತ ಬರೆದದ್ದನ್ನು ವಾರವಾರ ಮೊದಲು ಕೇಳಿದವರು ನೀವೇ ಅಲ್ಲವೇ ಎಂದರು. ಅದು ನಿಜ. ನಾನು ಓದಿರುವುದು ನಾಲ್ಕನೇ ಕ್ಲಾಸು. ಕಾಗುಣಿತ ಮೊಮ್ಮಗಳು ನೋಡಿದ್ದಾಳೆ. ಕಾಗುಣಿತ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದೇನೆ.

ಮನೆ ಕೇಳಿಕೊಂಡು ಬಂದ ದಿನ ಆತ ಗೇಟಿನ ಹೊರಗೇ ನಿಂತಿದ್ದ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಕಂಕುಳಲ್ಲಿ ಕೊಡೆ.

“ಅವ್ವ, ಮುಂಚೆನೇ ಏಳ್ಬುಡ್ತೀನಿ. ನಿಮ್ಮ ಯಜಮಾನ್ರ ಊರೇ ನಮ್ಮೂರು. ನೀರುಗಂಟಿ ಮಗ ನಾನು.”

“ಗೊತ್ತಾಯ್ತು. ಕಿವಿ ನಿಮ್ಮಪ್ಪಂದೇ.”

“ಆಮೇಕೆ ಯಾರೋ ಏನೋ ಅಂದ್ರು ಅಂತ ಕಾಲಿ ಮಾಡುಸ್ಬ್ಯಾಡಿ.”

“ಕಾಲಿ ಮಾಡ್ಸೋಳಾಗಿದ್ರೆ ಈಗ್ಲೇ ಇಲ್ಲ ಅಂತಿದ್ದೆ. ಮೇಲ್ಗಡೆ ಬಿಸ್ಲು ಜಾಸ್ತಿ. ನೋಡ್ಕೊ.”

ತೀರಿಹೋದ ನಮ್ಮ ಯಜಮಾನರ ಊರು ಹಲಗೂರಿನ ಆಚೆ. ಅಲ್ಲಿ ನಮ್ಮದು ಗೌಡರ ಬೀದಿ, ಅವರದು ಕೆಳಗಿನ ಕೇರಿ. ನೀರುಗಂಟಿ ಎಂದರೆ ಕೆರೆಯ ತೂಬು ಎತ್ತಿ ಇಳಿಸುವವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವವನು ಅವನೇ. ಅವನು ಬಿಟ್ಟರೆ ಊರಿನಲ್ಲಿ ಬೇರೆ ಯಾರೂ ತೂಬಿಗೆ ಕೈ ಹಾಕುವಂತಿರಲಿಲ್ಲ. ಎಷ್ಟು ದೊಡ್ಡ ಗೌಡನಾದರೂ ಏರಿಯ ಮೇಲೆ ನಿಂತು ಅವನನ್ನೇ ಕೂಗಬೇಕು. ಮನೆಯೊಳಕ್ಕೆ ಮಾತ್ರ ಅವನನ್ನು ಕರೆಯುತ್ತಿರಲಿಲ್ಲ.

ನನ್ನನ್ನು ನಾನು ಒಳ್ಳೆಯವಳಂತೆ ಬರೆದುಕೊಳ್ಳುವುದು ಬೇಡ. ಮೊದಲ ತಿಂಗಳು ಆತನ ಕಾಫಿಗೆ ಬೇರೆ ಲೋಟ ಇಟ್ಟಿದ್ದೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಆತ ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದ. ಒಂದು ದಿನ ಅಂಗಡಿಯಿಂದ ಎರಡು ಸ್ಟೀಲ್ ಲೋಟ ತಂದ. ಎರಡೂ ಒಂದೇ ಥರದವು. “ಒಂದು ನಿಮ್ಗೆ, ಒಂದು ನಂಗೆ. ಗುರ್ತು ಆಕ್ಸಿಲ್ಲ,” ಎಂದ. ಬೈದಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಆತ ಬೈಯಲಿಲ್ಲ. ಆ ಲೋಟಗಳು ಈಗಲೂ ಇವೆ. ಯಾವುದು ಯಾರದೆಂದು ನನಗೂ ಗೊತ್ತಿಲ್ಲ.

ಬರೆಯುವವರು ಕಿಟಕಿಯಾಚೆ ನೋಡಿಕೊಂಡು ಕೂತಿರುತ್ತಾರೆ ಎಂದು ನಾನು ತಿಳಿದಿದ್ದೆ. ಎರಡು ಎಮ್ಮೆ ಕಟ್ಟಿದವರಿಗೂ ಆತನಿಗಿದ್ದಷ್ಟು ಕೆಲಸ ಇರುವುದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಮಂಡ್ಯ. ಅಲ್ಲಿಯ ಪ್ರೆಸ್ಸಿನಲ್ಲಿ ಬೇರೆಯವರ ಪುಸ್ತಕದ ತಪ್ಪು ತಿದ್ದುವುದು. ಹೊಟ್ಟೆಗೆ ಆಗುತ್ತಿದ್ದುದು ಅದರಿಂದಲೇ. ಮಂಗಳವಾರವೂ ಅದೇ ಕೆಲಸ, ಬರುವಾಗ ಲೈಬ್ರರಿಯಿಂದ ಒಂದು ಹೊರೆ ಪುಸ್ತಕ. ಬುಧವಾರ ಒಂದು ಪತ್ರಿಕೆಗೆ ವಾರದ ಅಂಕಣ ಬರೆಯಬೇಕು. ಅವತ್ತು ಏನು ಕೇಳಿದರೂ ಊಂ ಎನ್ನುತ್ತಿದ್ದ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಊಂ ಎನ್ನುತ್ತಿದ್ದನೇನೋ. ಗುರುವಾರ ಮಧ್ಯಾಹ್ನ ಅದನ್ನು ನನಗೆ ಓದಿ ಹೇಳಿ, ಸಾಯಂಕಾಲ ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಕಳಿಸುತ್ತಿದ್ದ. ಶುಕ್ರವಾರ ಶನಿವಾರ ತಿರುಗಾಟ. ಕೊಪ್ಪದ ಕಡೆ, ಹಲಗೂರಿನ ಕಡೆ, ಎಲ್ಲಿ ಕೆರೆ ಇದೆಯೋ ಅಲ್ಲಿನ ಮುದುಕರನ್ನು ಹುಡುಕಿ ಮಾತಾಡಿಸುವುದು. ಭಾನುವಾರ ಬಟ್ಟೆ ಒಗೆದು ಹರವಿ, ದೊಡ್ಡ ಪುಸ್ತಕಕ್ಕೆ ಕೂರುತ್ತಿದ್ದ.

ಓದುವಾಗ ಮಾತ್ರ ಕೂರುತ್ತಿರಲಿಲ್ಲ. ತಾರಸಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಓದುವುದು. ಒಣಗಲು ಹಾಕಿದ್ದ ನಮ್ಮ ಸಂಡಿಗೆಯನ್ನು ಮೂರು ಸಲ ತುಳಿದಿದ್ದಾನೆ. ದಪ್ಪ ಪುಸ್ತಕವಾದರೂ ಸರಿ, ವಡೆ ಕಟ್ಟಿಕೊಟ್ಟ ಪೇಪರಾದರೂ ಸರಿ, ಕೊನೆಯ ಸಾಲಿನವರೆಗೆ ಓದದೆ ಬಿಸಾಡುತ್ತಿರಲಿಲ್ಲ. ಒಂದು ಸಲ ವಾರವಿಡೀ ಒಂದೇ ಪುಸ್ತಕ ಹಿಡಿದು ತಿರುಗುತ್ತಿದ್ದ.

“ಏನದು ಮುಗೀದೇ ಇರೋದು?” ಎಂದೆ.

“ಯಾವುದೋ ದೇಸದಲ್ಲಿ ಒಬ್ಬ ಬಾವಿ ತೋಡೋ ಕತೆ ಅವ್ವ.”

“ನೀರು ಬಂತಾ?”

“ಇನ್ನೂ ನೂರು ಪುಟ ಅದೆ.”

“ಅಷ್ಟೊತ್ಗೆ ಬೋರೇ ಕೊರುಸ್ಬೋದಿತ್ತು.”

ಆ ವಾರದ ಅಂಕಣದಲ್ಲಿ ಈ ಮಾತು ಬಂತು. ನನ್ನ ಹೆಸರು ಹಾಕಿರಲಿಲ್ಲ. ಪಕ್ಕದ ಮನೆಯವಳು ಓದಿ, ನಿಮ್ಮ ಮಾತೇ ಇದು ಎಂದು ಕಂಡುಹಿಡಿದಳು.

ಕೋಣೆಯಲ್ಲಿ ಒಂದು ಚಾಪೆ, ಬುದ್ಧನ ಒಂದು ಪಟ, ನಾಲ್ಕು ಕಟ್ಟು ಕಾಗದ. ಕಟ್ಟಲು ನನ್ನ ಹಳೇ ಸೀರೆಗಳ ಅಂಚು ಹರಿದು ಕೊಟ್ಟಿದ್ದೆ. ಹಸಿರು ಅಂಚಿನದು ವಾರದ ಅಂಕಣ. ಹಳದಿಯದು ಮಕ್ಕಳಿಗೆ ಎಂದು ಬರೆಯುತ್ತಿದ್ದ ಒಂದು ಎಮ್ಮೆಯ ಕತೆ. ಆ ಎಮ್ಮೆ ಆರು ವರ್ಷವಾದರೂ ಕರು ಹಾಕಲಿಲ್ಲ. ನೀಲಿಯದರಲ್ಲಿ ನೀರಿಗೆ ಸಂಬಂಧಪಟ್ಟ ಹಳೇ ಮಾತುಗಳ ಪಟ್ಟಿ. ಕೆಂಪು ಅಂಚಿನದು ದೊಡ್ಡ ಪುಸ್ತಕ. ಯಾವ ಕಟ್ಟು ಬಿಚ್ಚಿದೆ ಎಂದು ನೋಡಿದರೆ ಅವತ್ತು ಯಾವ ವಾರ ಎಂದು ಹೇಳಬಹುದಿತ್ತು.

ದೊಡ್ಡ ಪುಸ್ತಕ ಆತನ ಅಪ್ಪನ ಪುಸ್ತಕ. ಐವತ್ತು ವರ್ಷದ ಹಿಂದಿನ ಮಾತು. ಮೊದಲಿನಿಂದಲೂ ಕಮ್ಮಿಯಿದ್ದ ಮಳೆ ಭತ್ತ ಕಾಳು ಕಟ್ಟುವ ಹೊತ್ತಿಗೆ ಪೂರ್ತಿ ಕೈಕೊಟ್ಟಿತ್ತು. ಕೆರೆಯಲ್ಲಿ ಇದ್ದ ನೀರು ಇಡೀ ಬಯಲಿಗೆ ಒಂದೇ ಸಲ ಹಾಯಿಸಲು ಸಾಕಾಗುವಷ್ಟು. ಮೂರು ದಿನ ತಡೆದು ಎಲ್ಲರಿಗೂ ಸರದಿಯಲ್ಲಿ ಬಿಡುವುದೆಂದು ಊರು ಕೂತು ತೀರ್ಮಾನ ಮಾಡಿತು. ಮಾರನೆಯ ದಿನ ಊರಿನಲ್ಲಿ ಒಂದು ಮದುವೆ ಊಟ. ನೀರುಗಂಟಿಯೂ ಅಲ್ಲೇ ಇದ್ದ. ಅವರ ಕೇರಿಯವರಿಗೆ ಎಲೆ ಹಾಕುವುದು ಎಲ್ಲರದೂ ಆದ ಮೇಲೆ, ಅಲ್ಲಿಯವರೆಗೆ ಚಪ್ಪರದ ಹೊರಗೆ ಕಾಯಬೇಕು. ಆ ಮಧ್ಯಾಹ್ನ ಯಾರೋ ಹೋಗಿ ತೂಬು ಎತ್ತಿದರು. ಕೆಲಸ ಗೊತ್ತಿಲ್ಲದವರ ಕೈ, ಇಳಿಸುವಾಗ ಸರಿಯಾಗಿ ಕೂರಲಿಲ್ಲ. ಬೆಳಗಾಗುವುದರಲ್ಲಿ ಕೆರೆ ಬರಿದಾಗಿ ನೀರು ಹಳ್ಳದ ಪಾಲಾಗಿತ್ತು.

ನೀರುಗಂಟಿ ಕುಡಿದು ನೀರು ಮಾರಿಕೊಂಡ ಎಂದು ಪಂಚಾಯ್ತಿ ಹೇಳಿತು. ತೂಬಿನ ಕೆಲಸ ಕಿತ್ತುಕೊಂಡರು. ಸುಗ್ಗಿಯಲ್ಲಿ ಕಣದಲ್ಲಿ ಅಳೆದುಕೊಡುತ್ತಿದ್ದ ಪಾಲು ನಿಂತಿತು. ನೀರುಗಂಟಿ ಹೆಂಡತಿ ಮಗನನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗಿ ಮೂಟೆ ಹೊತ್ತ. ಬೀದಿಯಲ್ಲಿ ಯಾವ ನಲ್ಲಿ ಸೋರುತ್ತಿದ್ದರೂ ತಲೆಯ ಮೇಲಿನ ಮೂಟೆ ಇಳಿಸಿ, ನಿಲ್ಲಿಸಿ ಹೋಗುತ್ತಿದ್ದನಂತೆ. ಸಾಯುವಾಗಲೂ ‘ನಾ ಮುಟ್ಟಿಲ್ಲ’ ಎಂದನಂತೆ. ಹಾಗಾದರೆ ಮುಟ್ಟಿದವರು ಯಾರು? ಆತನ ಪುಸ್ತಕ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಆ ಒಂದು ಅಧ್ಯಾಯವನ್ನು ಎಷ್ಟು ಸಲ ಬರೆದನೋ, ಎಷ್ಟು ಸಲ ಹರಿದನೋ. ಅಪ್ಪನ ಮೇಲಿನ ಮಾತು ತೆಗೆಯದೆ ಪುಸ್ತಕ ಮುಗಿಸುವುದಿಲ್ಲ ಎನ್ನುತ್ತಿದ್ದ.

ಯಾರು ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಕಾಫಿ ಕೊಟ್ಟೆ, ಹೇಳಲಿಲ್ಲ.

ಗುರುವಾರದ ಓದಿನ ವಿಚಾರ ಹೇಳಬೇಕು. ಊಟವಾದ ಮೇಲೆ ನಾನು ಜಗಲಿಯಲ್ಲಿ ಮೊರ ಹಿಡಿದು ಕೂರುತ್ತಿದ್ದೆ. ಅವರೆ ಕಾಲದಲ್ಲಿ ಅವರೆಕಾಯಿ ಬಿಡಿಸುವುದು, ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುವುದು, ಏನೂ ಇಲ್ಲದಿದ್ದರೆ ಅಕ್ಕಿ ಆರಿಸುವುದು. ಆತ ಕೆಳಗಿನ ಮೆಟ್ಟಿಲಲ್ಲಿ ಕೂತು ಓದುವುದು. ಎರಡು ಸಾಲು ಓದಿ ತಲೆ ಎತ್ತಿ ನೋಡುತ್ತಿದ್ದ. ನನ್ನ ಮುಖವನ್ನಲ್ಲ. ಅದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ದಿನ ಆತನ ಕಾಗದ ಎತ್ತಿ ನೋಡಿದರೆ ಸಾಲಿನ ಪಕ್ಕ ಅಲ್ಲಲ್ಲಿ ಚುಕ್ಕಿ, ಅಲ್ಲಲ್ಲಿ ಗೀಟು.

“ಇದೇನಪ್ಪ, ನೊಣ ಕೂತಂಗೆ?”

“ನಾನು ಓದ್ವಾಗ ನಿಮ್ಮ ಕೈ ನೋಡ್ತೀನಿ ಅವ್ವ. ಕೈ ನಿಂತ್ರೆ ಅಲ್ಲೊಂದು ಚುಕ್ಕಿ. ಆ ಸಾಲ ಮುಟ್ಟಕಿಲ್ಲ. ಬಿರಬಿರ್ನೆ ಬುಡುಸಕ್ಕೆ ಸುರು ಮಾಡುದ್ರೆ ಗೀಟು. ಅದ ಒಡ್ದಾಕ್ತೀನಿ.”

“ಕೈ ನಿಂತ್ರೆ ಚೆನ್ನಾಗದೆ ಅಂತನಾ?”

“ಊಂ ಮತ್ತೆ.”

ಹಿಂದಿನ ವಾರದ ಕಾಗದ ತೆಗೆಸಿದೆ. ಚುಕ್ಕಿ ಇಟ್ಟ ಸಾಲು ಬೆಳದಿಂಗಳ ವಿಚಾರ, ಒಳ್ಳೆ ಪಾಯಸದಂತಿತ್ತು.

“ಇಲ್ಲಿ ಕಾಯೊಳಗೆ ಉಳ ಇತ್ತು ಕಣಪ್ಪ. ಅದ್ಕೆ ನಿಂತಿದ್ದು.”

ಆತ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. “ಅಚ್ಚಾಗೋಯ್ತಲ್ಲ ಅವ್ವ. ಇಬ್ರು ಫೋನ್ ಮಾಡಿ ಆ ಸಾಲು ಬಾಳ ಚೆನ್ನಾಗದೆ ಅಂದ್ರು.”

“ಅವ್ರ ಕಾಯಲ್ಲೂ ಉಳ ಇದ್ದಿರ್ಬೇಕು.”

ಅಂದಿನಿಂದ ನನ್ನ ಕೈ ನಿಂತರೆ ಚುಕ್ಕಿ ಇಡುವ ಮೊದಲು ಕೇಳುತ್ತಿದ್ದ, “ಉಳನಾ ಅವ್ವ?” ಎಂದು. ಅಕ್ಕಿಯಾದರೆ “ಕಲ್ಲಾ?” ಎಂದು. ಅಲ್ಲ ಎಂದರೆ ಮಾತ್ರ ಚುಕ್ಕಿ.

ಮುಲಾಜಿಗೆ ಚೆನ್ನಾಗಿದೆ ಎನ್ನುವವಳಲ್ಲ ನಾನು. ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದು, ಮರದ ತುಂಬ ಬಿಳಿ ಹೂವು ಬಿಟ್ಟ ಹಾಗೆ ಹಕ್ಕಿಗಳು ಕೂತಿದ್ದವು ಎಂದು ಬರೆದ. ನಾನು ಹುಣಸೆಬೀಜ ಪಟಪಟನೆ ಉದುರಿಸಿದೆ. “ಅಲ್ಲಿ ಕಮಟು ವಾಸ್ನೆ ಒಡೀತದೆ. ಅಂಗಳದ ತುಂಬ ಕೊಕ್ರೆ ಪಿಕ್ಕೆ. ಆದ್ರೂ ಆ ಜನ ಮರ ಕಡ್ಯಕಿಲ್ಲ, ಅದ್ನ ಬರಿ,” ಎಂದೆ. ಮೇಲೆ ಹೋಗಿ ಬೇರೆ ಬರೆದುಕೊಂಡು ಬಂದ. ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಸಿಟ್ಟು ಬಂದರೆ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದ, ಆಮೇಲೆ ನಮಗೆ ತಿರುಗಿಸಲು ಆಗುತ್ತಿರಲಿಲ್ಲ.

ಕೆಂಪು ಕಟ್ಟಿನ ಆ ಅಧ್ಯಾಯವನ್ನೂ ಗುರುವಾರವೇ ಓದುತ್ತಿದ್ದ, ವರ್ಷಕ್ಕೆ ಎರಡು ಮೂರು ಸಲ. ಆಗೆಲ್ಲ ನನ್ನ ಕೈ ನಿಲ್ಲದ ಹಾಗೆ ನೋಡಿಕೊಳ್ಳುತ್ತಿದ್ದೆ. ಅದು ಕಷ್ಟದ ಕೆಲಸ.

ಆಷಾಢಕ್ಕೆ ಎರಡು ವಾರ ಮುಂಚೆ ಒಂದು ಗುರುವಾರ ಆತ ಏನೂ ಓದಲಿಲ್ಲ. ಕೆಂಪು ಕಟ್ಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

“ಅಪ್ಪನೇ ಎತ್ತಿರಬೋದು ಅವ್ವ,” ಎಂದ. “ಕುಡೀತಿದ್ದುದಂತೂ ನಿಜ. ಊರೋರೆಲ್ಲ ಸುಳ್ಳೇಳ್ತಾರಾ? ನಂಗೂ ಅರುವತ್ತಾಯ್ತು. ಅಂಗೇ ಬರ್ದು ಮುಗುಸ್ಬುಡ್ತೀನಿ.”

ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟೆ.

“ಬರಿಬ್ಯಾಡ. ನಿಮ್ಮಪ್ಪ ಅಲ್ಲ.”

“ಮತ್ಯಾರು?”

“ನಮ್ಮೆಜಮಾನ್ರು.”

ಆತ ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ. ಆಮೇಲೆ ತಾಲ್ಲೂಕು ಕಚೇರಿಯವರ ಥರ ಒಂದೊಂದೇ ಕೇಳಿದ. ಎಷ್ಟು ಹೊತ್ತಿನಲ್ಲಿ? ಮೊದಲ ಪಂಕ್ತಿಯಲ್ಲಿ ಉಂಡೆದ್ದ ಮೇಲೆ. ಕೈಯಲ್ಲಿ ಏನಿತ್ತು? ಹಾರೆ. ಯಾಕೆ ಎತ್ತಿದರು? ತೂಬಿನ ಕೆಳಗಿನ ಮೊದಲ ಗದ್ದೆ ನಮ್ಮದು, ಸರದಿಯಲ್ಲಿ ಬರುವುದು ಸಾಲದು ಅನ್ನಿಸಿತು. ಪಂಚಾಯ್ತಿಯಲ್ಲಿ ಇದ್ದರಾ? ಕೂತಿದ್ದರು. ತಪ್ಪು ಮಾಡಿದವನನ್ನು ಬಿಡಬಾರದು ಎಂದವರು ಅವರೇ.

“ನೀವು ಎಂಗೆ ಕಂಡ್ರಿ?”

“ಏರಿ ಮ್ಯಾಲಿದ್ದೆ. ಉಲ್ಲು ಕುಯ್ಯಕ್ಕೆ ಓಗಿದ್ದೆ.”

ಬರೆದುಕೊಂಡ. ಕಟ್ಟು ಕಟ್ಟಿದ.

“ಅನ್ನೊಂದು ವರ್ಸ ಅವ್ವ.”

“ಊಂ. ಬೈಯೋದಿದ್ರೆ ಬೈಯಪ್ಪ.”

“ಈಗ ಬೈದ್ರೆ ಬರ್ಯೋದು ಕೆಡ್ತದೆ. ಆಮೇಕೆ ಬೈತೀನಿ.”

ಶುಕ್ರವಾರ, ಶನಿವಾರ ಕಾಫಿಗೆ ಇಳಿಯಲಿಲ್ಲ. ತಿರುಗಾಟಕ್ಕೂ ಹೋಗಲಿಲ್ಲ. ಭಾನುವಾರ ಇಳಿದು ನಲ್ಲಿ ಬಿಗಿ ಮಾಡಿ, ಲೋಟ ಹಿಡಿದುಕೊಂಡು ಬಂದ. ಬೈಯಲಿಲ್ಲ.

ಮುಂದಿನ ಗುರುವಾರ ಅಧ್ಯಾಯ ಓದಿದ. ಯಜಮಾನರ ಹೆಸರು ಇತ್ತು, ಹಾರೆ ಇತ್ತು, ಮದುವೆ ಚಪ್ಪರದ ಹೊರಗೆ ಎಲೆಗೆ ಕಾಯುತ್ತಾ ಕೂತ ನೀರುಗಂಟಿ ಇದ್ದ. ಎಲ್ಲಿಯೂ ಕೂಗಾಡಿರಲಿಲ್ಲ. ನನ್ನ ಕೈ ಅಕ್ಕಿಯಲ್ಲಿ ಓಡುತ್ತಿತ್ತು. ಆಮೇಲೆ ಈ ಸಾಲು ಬಂತು. ‘ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಆ ಮನೆಯ ಹೊಸ ಸೊಸೆ ಇದನ್ನು ಕಂಡಳು.’

ಕೈ ನಿಂತಿತು.

“ಕಲ್ಲಾ ಅವ್ವ?”

“ಅಲ್ಲ.”

ಆತ ಸಾಲಿನ ಪಕ್ಕ ಚುಕ್ಕಿ ಇಟ್ಟ. ಮುಂದೆ ಓದಿದ.

ಅಡುಗೆಮನೆಯಿಂದ ನನ್ನ ಮಗ ಕೇಳಿಸಿಕೊಂಡಿದ್ದ. ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದ.

“ಅಪ್ಪನ ಎಸ್ರ ಬೀದಿಗೆ ಎಳ್ದುಬುಟ್ಯಲ್ಲವ್ವ.”

“ಅವ್ರಪ್ಪನ ಎಸ್ರು ಐವತ್ತು ವರ್ಸದಿಂದ ಬೀದೀಲೇ ಬಿದ್ದಿತ್ತು. ಆಗ ನಿಂಗೆ ಕಾಣ್ಲಿಲ್ವಾ?”

“ನಾನು ಆಗ ಉಟ್ಟೇ ಇರ್ಲಿಲ್ಲ.”

“ಅದ್ಕೇ ಸುಮ್ನಿರು.”

ಮಗ ಕೆಟ್ಟವನಲ್ಲ. ಎರಡು ದಿನ ಮಾತು ಬಿಟ್ಟ. ಆತನನ್ನು ಮನೆ ಬಿಡಿಸಬೇಕು ಎಂದ. ಬಿಡಿಸುವ ಕಾಲ ಬರಲಿಲ್ಲ.

ಎರಡು ವಾರ ತುಂಬುವ ಮೊದಲೇ ಒಂದು ಸೋಮವಾರ ಎಂದಿನಂತೆ ಮಂಡ್ಯಕ್ಕೆ ಹೋದವನು, ಪ್ರೆಸ್ಸಿನಲ್ಲಿ ಯಾರದೋ ಪುಸ್ತಕದ ತಪ್ಪು ತಿದ್ದುತ್ತಾ ಎದೆ ನೋವು ಎಂದನಂತೆ. ಆಸ್ಪತ್ರೆಗೆ ಸೇರಿಸಿದರು, ಸಂಜೆ ಹೊತ್ತಿಗೆ ಹೋದ. ಮಣ್ಣು ಮಾಡಿದ್ದು ಊರಿನಲ್ಲೇ. ನಾನೂ ಹೋಗಿದ್ದೆ. ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ಮಗನೇ. ಮನೆಗೆ ಬಂದವನು ಅಂಗಳದ ನಲ್ಲಿ ಮುಟ್ಟಿ ನೋಡಿ ಒಳಗೆ ಹೋದ.

ಕೆಂಪು ಕಟ್ಟನ್ನು ಪ್ರೆಸ್ಸಿನವರ ಕೈಗೆ ಕೊಟ್ಟವಳು ನಾನು. ಯಜಮಾನರ ಹೆಸರು ಇರಬೇಕೇ ಎಂದು ಕೇಳಿದರು. ಇರಬೇಕು ಎಂದೆ. ಮಗ ಬಾಗಿಲಲ್ಲಿ ನಿಂತಿದ್ದ, ಬೇಡ ಎನ್ನಲಿಲ್ಲ. ಊರಿನಲ್ಲಿ ಈಗಲೇ ಮಾತು ಎದ್ದಿದೆ. ಸತ್ತವರ ಮೇಲೆ ಇಲ್ಲದ್ದು ಹೇಳಿ ಬರೆಸಿದ್ದಾಳೆ, ಮುದುಕಿಗೆ ಅರಳುಮರಳು ಎನ್ನುತ್ತಾರಂತೆ. ನನಗೆ ಅರಳುಮರಳಿಲ್ಲ. ಅಧ್ಯಾಯದಲ್ಲಿ ಆತ ಬರೆದದ್ದೆಲ್ಲ ನಡೆದದ್ದೇ, ಒಂದು ಸಾಲು ಬಿಟ್ಟು.

ಮಳೆ ಇಲ್ಲದ ವರ್ಷ ಏರಿಯ ಮೇಲೆ ಹುಲ್ಲು ಎಲ್ಲಿಂದ ಬರಬೇಕು? ಬರಿ ಕೆಂಪು ಮಣ್ಣು ಇತ್ತು. ಕೆರೆ, ಏರಿ, ಕಾಲುವೆ ಎಲ್ಲಾ ಬಲ್ಲವನು ಆತ. ಅವನಿಗೆ ಇದು ಹೊಳೆಯಲಿಲ್ಲವೋ, ಹೊಳೆದೂ ನನ್ನನ್ನು ಬಿಟ್ಟನೋ ಗೊತ್ತಿಲ್ಲ. ಕಲ್ಲು ಎಂದಿದ್ದರೆ ಆತ ಆ ಸಾಲನ್ನು ಇನ್ನೊಂದು ಸಲ ನೋಡುತ್ತಿದ್ದ. ಅಲ್ಲ ಎಂದುಬಿಟ್ಟೆ, ಚುಕ್ಕಿ ಬಿದ್ದು ಸಾಲು ಉಳಿಯಿತು. ಮುಂದಿನ ಗುರುವಾರ ಹೇಳೋಣ ಎಂದುಕೊಂಡೆ. ಆ ಗುರುವಾರ ಮನೆಗೆ ನೆಂಟರು ಬಂದರು. ಅದರ ಮುಂದಿನದು ಬರಲಿಲ್ಲ.

ಅವತ್ತು ಊಟ ಮಾಡಿ ಎದ್ದ ಮೇಲೆ ಯಜಮಾನರು ನನ್ನ ಕೈಗೆ ಕುಡುಗೋಲು, ಬುಟ್ಟಿ ಕೊಟ್ಟರು. “ಉಲ್ಲು ಕುಯ್ಯೋ ಅಂಗೆ ಕೂತಿರು. ಯಾರಾರ ಬಂದ್ರೆ ಕೂಗು,” ಎಂದರು. ಕೂತಿದ್ದೆ. ಯಾರೂ ಬರಲಿಲ್ಲ. ಅವರು ತೂಬು ಎತ್ತಿ, ಇಳಿಸಿ, ಮೇಲೆ ಬರುವವರೆಗೂ ಊರಿನ ದಾರಿ ನೋಡುತ್ತಾ ಕೂತಿದ್ದೆ. ಬುಟ್ಟಿ ಖಾಲಿ ಹೊತ್ತುಕೊಂಡು ಮನೆಗೆ ಬಂದೆ.

ಬೇರೆಯವರ ಪುಸ್ತಕದ ತಪ್ಪು ತಿದ್ದುತ್ತಿದ್ದವನು ಆತ. ಆತನ ಪುಸ್ತಕದಲ್ಲಿ ಉಳಿದಿರುವ ತಪ್ಪು ನಾನು ಹೇಳಿದ್ದು. ಪ್ರೆಸ್ಸಿನವರೇ, ಆ ಪುಟ ತೆಗೆದು ನೋಡಿ, ಸಾಲಿನ ಪಕ್ಕ ಒಂದು ಚಿಕ್ಕ ಚುಕ್ಕಿ ಇದೆ. ಅಲ್ಲಿ ‘ಹುಲ್ಲು ಕೊಯ್ಯುತ್ತಿದ್ದ’ ಎಂಬುದನ್ನು ಹೊಡೆದುಹಾಕಿ. ‘ಕಾವಲು ಕೂತಿದ್ದ’ ಎಂದು ಹಾಕಿ.